ಅಣ್ಣನ ಎರಡು ತೆಪ್ಪ

ಫೈಬರ್ ತೆಪ್ಪ ಒಳ್ಳೆಯದೋ ಬಿದಿರಿನದೋ ಎಂದು ನಮ್ಮೂರ ಹೊಳೆದಡದ ಟೀ ಅಂಗಡಿಯಲ್ಲಿ ಈಗಲೂ ವಾದ ನಡೆಯುತ್ತದೆ. ಹೊಳೆಗೆ ಕಾಲಿಡದವರದೇ ಜೋರು ಗಂಟಲು. ನನಗೆ ಮೈ ಉರಿಯುತ್ತದೆ, ಟೀ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತೇನೆ. ಎರಡರಲ್ಲೂ ಕೂತವನು ನಾನು. ಎರಡನ್ನೂ ನಡೆಸಿದವನು ನನ್ನ ಅಣ್ಣ.

ಕಪಿಲೆ ನಂಜನಗೂಡು ದಾಟಿ ನರಸೀಪುರದ ಕಡೆ ಇಳಿಯುವ ದಾರಿಯಲ್ಲಿ ನಮ್ಮೂರು. ಸೇತುವೆ ಹಿಡಿಯಬೇಕೆಂದರೆ ಊರೆಲ್ಲ ಸುತ್ತಬೇಕು. ಹಾಗಾಗಿ ಆಚೆ ದಡದ ಗದ್ದೆಗೆ ಹೋಗುವ ಹೆಂಗಸರಿಗೆ, ಹಾಲಿನ ಕ್ಯಾನಿನವರಿಗೆ, ನೆಂಟರ ಮನೆಗೆ ಹೊರಟವರಿಗೆ ಅಣ್ಣನ ತೆಪ್ಪವೇ ಗತಿ. ನಾನು ನಂಜನಗೂಡಿನ ಫ್ಯಾಕ್ಟರಿಯೊಂದಕ್ಕೆ ಶಿಫ್ಟ್ ಕೆಲಸಕ್ಕೆ ಹೋಗುವವನು. ರಜೆಯ ದಿನ ಅವನ ಜೊತೆ ಹೊಳೆಗೆ ಹೋಗುತ್ತಿದ್ದೆ.

ಹಳೆಯ ತೆಪ್ಪ ನೋಡಲು ಚೆಂದವೇನೂ ಇರಲಿಲ್ಲ. ಬಿದಿರ ದಬ್ಬೆ ಹೆಣೆದ ದೊಡ್ಡ ಬುಟ್ಟಿ, ಹೊರಗಡೆ ಗೊಬ್ಬರದ ಚೀಲ ಹೊದಿಸಿ ಡಾಂಬರು ಬಳಿದದ್ದು. ಬೇಸಿಗೆ ಬೇಸಿಗೆಗೂ ಹೊಸ ಡಾಂಬರು ಬಳಿದು ಎತ್ತಲಾರದಷ್ಟು ಭಾರವಾಗಿತ್ತು. ಆದರೂ ನೀರು ಜಿನುಗುವುದು ನಿಂತಿರಲಿಲ್ಲ, ಸೀರೆಯಂಚು ನೆನೆಯಿತೆಂದು ಹೆಂಗಸರು ದಿನಾ ಬೈಯುತ್ತಿದ್ದರು. ಸಂಜೆ ದಡಕ್ಕೆ ಎಳೆದು ಬೋರಲು ಹಾಕದಿದ್ದರೆ ದಬ್ಬೆ ಕೊಳೆಯುತ್ತಿತ್ತು. ಆದರೆ ಅದರ ತಳ ತೆಳು. ಮಂಡಿಯೂರಿ ಹುಟ್ಟು ಹಾಕುವವನಿಗೆ ಕೆಳಗಿನ ಹೊಳೆ ಮೊಣಕಾಲಿನಲ್ಲೇ ಗೊತ್ತಾಗುತ್ತಿತ್ತು. ಮರಳಿನ ಮೇಲೆ ಬಂದರೆ ತಳ ಸಣ್ಣಗೆ ನಡುಗುವುದು, ಆಳದ ಮಡುವಿನ ಮೇಲೆ ಸುಮ್ಮನಾಗುವುದು, ಬಂಡೆ ಹತ್ತಿರವಿದ್ದರೆ ತಿರುಗುವ ನೀರು ಒಂದು ಮಗ್ಗುಲನ್ನು ಮೇಲೆತ್ತುವುದು. ತೆಪ್ಪ ದಡ ಮುಟ್ಟುವ ಮೊದಲೇ ಅಣ್ಣ "ಇಳ್ಕಳ್ರವ್ವ" ಅನ್ನುತ್ತಿದ್ದ, ಆಮೇಲೆ ತಳಕ್ಕೆ ಮರಳು ತಾಗುತ್ತಿತ್ತು. ಆ ಮಾತು ಬಿದ್ದದ್ದೇ ತಡ, ಹೆಂಗಸರು ಹರಟೆ ನಿಲ್ಲಿಸದೆ, ಕೆಳಗೆ ನೋಡದೆ ಕಾಲು ಹೊರಗಿಡುತ್ತಿದ್ದರು.

ಹೊಸ ತೆಪ್ಪವನ್ನು ಊರವರೇ ವಂತಿಗೆ ಎತ್ತಿ ತಂದರು. ಹೊರಗೆ ನೀಲಿ, ಒಳಗೆ ಬಿಳಿ. ಜಿನುಗುವುದಿಲ್ಲ, ಕೊಳೆಯುವುದಿಲ್ಲ, ಇಬ್ಬರು ಸಲೀಸಾಗಿ ಎತ್ತಬಹುದು. ನಾನೂ ಹಿಗ್ಗಿದೆ. ಅಣ್ಣ ಮಾತ್ರ ಸಪ್ಪಗೆ ನಿಂತು ಅದರ ಅಂಚನ್ನು ಸುತ್ತಲೂ ತಡವಿ ನೋಡಿದ. "ಚೆಂದಾಗೈತೆ. ಅಳೇದೂ ಇರ್ಲಿ" ಅಂದ. ಹೊಸದರ ಗದ್ದಲದಲ್ಲಿ ಅವನ ಮಾತನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ.

ಗಂಗೆಗೆ ಪೂಜೆ ಮಾಡಿ, ಅರಿಶಿನ ಕುಂಕುಮ, ಹಸಿರು ಬಳೆ, ಎಲೆಯಡಿಕೆ ನೀರಿಗೆ ಬಿಟ್ಟು ಮೊದಲ ಸಲ ಹೊರಟೆವು. ನಾನು ಅಣ್ಣನ ಹಿಂದೆ ಕೂತಿದ್ದೆ. ಫೈಬರಿನ ತಳ ದಪ್ಪ, ನೆಲದ ಹಾಗೆ ಗಟ್ಟಿ. ಅವನು ಮಂಡಿಯನ್ನು ಆಚೀಚೆ ಸರಿಸುತ್ತಿದ್ದ, ತಲೆ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದ. ಹೊಸದಕ್ಕೆ ಹೊಂದಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಗಾಳಿ ಬೀಸಿತು. ಹಗುರ ತೆಪ್ಪ ನೀರಿನ ಮೇಲೆ ಜಾರಿ ಗಿರ್ರನೆ ತಿರುಗಿತು. ಏನಕ್ಕೋ ಧಡ್ಡೆಂದು ತಗುಲಿತು.

"ಇಳ್ಕಳ್ರವ್ವ" ಅಂದ ಅಣ್ಣ.

ತಗುಲಿದ್ದು ನಡುಹೊಳೆಯ ಬಂಡೆ. ಅದರ ಪಕ್ಕದಲ್ಲೇ ಮಡು. ಮುಂದೆ ಕೂತಿದ್ದ ಮುದುಕಿ ರೂಢಿಯಂತೆ ಆಗಲೇ ಕಾಲು ಹೊರಗಿಟ್ಟಿದ್ದಳು. ನಾನು ಬಗ್ಗಿ ಅವಳ ಸೊಂಟ ಹಿಡಿದು ಎಳೆದುಕೊಳ್ಳುವಷ್ಟರಲ್ಲಿ ತೊಡೆಯವರೆಗೆ ನೆನೆದಿದ್ದಳು. ಎಲ್ಲರೂ ಅಣ್ಣನ ಕಡೆ ತಿರುಗಿದರು. ಅವನು ಇನ್ನೂ ನಗುಮುಖದಲ್ಲೇ ಇದ್ದ. "ಯಾಕ್ರವ್ವ, ಇಳೀರಿ" ಅಂದ. ಎದುರಿಗೆ ಬರೀ ನೀರು. ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿದ್ದರೂ ರೆಪ್ಪೆ ಮುಚ್ಚಿರಲಿಲ್ಲ. ಆಗ ನನಗೆ ಅರ್ಥವಾಯಿತು, ತೆಪ್ಪದಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಹುಟ್ಟನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ನಾನೇ ದಡಕ್ಕೆ ತಂದೆ.

ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಮೇಲೆ ರೇಗಿದೆ. ಅವಳು ಒಲೆ ಮುಂದಿನಿಂದ ಏಳಲೂ ಇಲ್ಲ.

"ಗೊತ್ತಿತ್ತು ಕಣಪ್ಪ. ಓದ್ ಮಳೆಗಾಲಕ್ಕೂ ಮುಂಚಿಂದ್ಲೇ ಮಸುಕ್ ಮಸುಕು. ಆಮ್ಯಾಕೆ ಅದೂ ಇಲ್ಲ. ಯೋಳಿದ್ರೆ ನೀವೆಲ್ಲ ಸೇರ್ಕಂಡು ನೀರ್ ಬಿಡುಸ್ಬುಡ್ತಿದ್ರಿ. ನೀರ್ ಬುಟ್ಟು ಅವ್ರು ಏನ್ ಮಾಡ್ಬೇಕು?"

ಮೈಸೂರಿಗೆ ಕರೆದುಕೊಂಡು ಹೋದೆ. ಶುಗರ್ ಕಣ್ಣಿನ ನರವನ್ನೇ ತಿಂದುಹಾಕಿದೆ, ಮೊದಲೇ ಬರಬೇಕಿತ್ತು ಅಂದರು ಡಾಕ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಅಣ್ಣ ಕಿಟಕಿ ಪಕ್ಕದ ಸೀಟಿನಲ್ಲಿ ಹೊರಗೆ ಮುಖ ಮಾಡಿ ಕೂತಿದ್ದ.

ಮರುದಿನ ಊರ ನಾಲ್ಕು ಜನ ಮನೆಗೆ ಬಂದರು. ಅಣ್ಣ ಕೇಳಿದ್ದು ಒಂದೇ. "ಅಳೇದ್ ಕೊಡ್ರಪ್ಪ, ನಾಳೀಕೇ ಓಯ್ತೀನಿ. ಇಷ್ಟ್ ದಿನ ನಾನ್ ಯಾರ್ನಾರ ಮುಳುಗಿಸಿವ್ನಾ?"

ಅವರಲ್ಲಿ ಹಿರಿಯನೊಬ್ಬ ಅಣ್ಣನ ಮೊಣಕಾಲು ಮುಟ್ಟಿ, "ಇಲ್ಲ ಕಣಣ್ಣ. ಆದ್ರೆ ಗೊತ್ತಾದ್ಮ್ಯಾಕೆ ಯಾರ್ ಕೂತ್ಕತಾರೆ ಯೋಳು" ಅಂದ.

ನನಗೆ ಸಿಟ್ಟು ಬಂತು. ಇದೇ ಜನ, ಇವರದೇ ಹೆಂಡಿರು ಮಕ್ಕಳು, ಕಣ್ಣಿಲ್ಲದವನ ತೆಪ್ಪದಲ್ಲಿ ಒಂದು ಗೀರೂ ಆಗದೆ ಅಷ್ಟು ದಿನ ಓಡಾಡಿದ್ದರು. ಆದರೆ ನಿನ್ನ ಮಗಳನ್ನು ಕೂರಿಸುತ್ತೀಯಾ ಎಂದು ಆ ಹಿರಿಯ ತಿರುಗಿ ಕೇಳಿದ್ದರೆ ನಾನೂ ತಡವರಿಸುತ್ತಿದ್ದೆ. ಹಾಗಾಗಿ ಬಂದವರ ಮುಂದೆ ಎಲೆಯಡಿಕೆ ತಟ್ಟೆ ಸರಿಸಿದೆ. ಹಳೆಯ ತೆಪ್ಪ ಆ ಬೇಸಿಗೆ ಡಾಂಬರಿಲ್ಲದೆ ಬಿರುಕು ಬಿಟ್ಟಿತು. ಅಣ್ಣನನ್ನು ಜಗಲಿಯ ಮೇಲೆ ಕೂರಿಸಿ ಊರು ತನ್ನ ಪಾಡಿಗೆ ಹೊಳೆ ದಾಟಿತು. ಪಕ್ಕದ ಬೀದಿಯವನೊಬ್ಬ ಹುಟ್ಟು ಹಿಡಿದ. ಚೆನ್ನಾಗಿಯೇ ನಡೆಸುತ್ತಾನೆ, ಸುಳ್ಳು ಹೇಳಬಾರದು.

ಮೊನ್ನೆ ಆಚೆ ದಡದಲ್ಲಿ ನಮ್ಮ ಸೋದರಮಾವನ ತಿಥಿ. ಬರುವುದಿಲ್ಲ ಎಂದು ಹಟ ಮಾಡಿದ ಅಣ್ಣನನ್ನು ಬಲವಂತವಾಗಿ ಹೊರಡಿಸಿ, ತೋಳು ಹಿಡಿದು ಫೈಬರ್ ತೆಪ್ಪ ಹತ್ತಿಸಿದೆ. ಹೆಂಗಸರು ಸರಿದು ಜಾಗ ಬಿಟ್ಟರು. ಹುಟ್ಟು ನೀರಿಗೆ ಬಿತ್ತು. ಅಣ್ಣ ಎರಡೂ ಅಂಗೈಯನ್ನು ತಳಕ್ಕೆ ಒತ್ತಿಕೊಂಡು ಕೂತಿದ್ದ. ಸ್ವಲ್ಪ ಹೊತ್ತಿಗೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ನನ್ನ ಕಡೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ ಕೇಳಿದ:

"ದಡ ಬಂತೇನ್ಲಾ?"

ನಾವಿನ್ನೂ ನಡುಹೊಳೆಗೂ ಬಂದಿರಲಿಲ್ಲ.