ಕೆಂಪು ಪರದೆ ಕಾಣದ ಬೆಳಗ್ಗೆ

ನಮ್ಮ ಎಡಿಟರಿಗೆ ಸಂಶಯ ಬರಲು ಕಾರಣವೇ ಬೇಕಿರಲಿಲ್ಲ. ಕುರ್ಚಿ ಒಂದಿಂಚು ಸರಿದಿದ್ದರೂ "ಯಾರು ಕೂತಿದ್ರು ಇಲ್ಲಿ?" ಎಂದು ಕೇಳುವವರು. ಅವರ ಪಕ್ಕದ ಮೇಜಿನಲ್ಲಿ ಒಂಬತ್ತು ವರ್ಷದಿಂದ ವಿಡಿಯೋಗಳಿಗೆ ಅಕ್ಷರ ಕೂರಿಸುತ್ತಿರುವವಳು ನಾನು. ನನಗೆ ಅವರಿಟ್ಟ ಹೆಸರು ಟೈಟಲಮ್ಮ. ಆದರೆ ಕೆಲಸಕ್ಕೆ ಕೂತರೆ ಅವರಂಥವರಿಲ್ಲ. ಅಳುವವರ ಮುಖವನ್ನು ಎಷ್ಟು ಹೊತ್ತು ತೋರಿಸಬೇಕು, ಎಲ್ಲಿ ಬಿಡಬೇಕು ಎಂಬುದು ಅವರ ಬೆರಳಿಗೇ ಗೊತ್ತಿತ್ತು. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಲೋಕವೂ ಇರಲಿಲ್ಲ.

ಆ ಸೋಮವಾರ, ಬೆಂಕಿ ಆರಿಸುವ ದಳದವರ ಬಗ್ಗೆ ಮಾಡುತ್ತಿದ್ದ ಚಿತ್ರವನ್ನು ತೆರೆದರು. ಹದಿಮೂರು ತುಣುಕುಗಳಿಗೆ ಧ್ವನಿಯೇ ಇಲ್ಲ. ಫೈಲ್ ಸಿಗುತ್ತಿಲ್ಲ ಎಂದು ಸಾಫ್ಟ್‌ವೇರ್ ಗೋಳಿಟ್ಟಿತು. ಇದೇನೂ ಹೊಸ ತಕರಾರಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ; ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ವಿಳಾಸ ಬದಲಾದರೆ ಮತ್ತೆ ದಾರಿ ತೋರಿಸಬೇಕು, ಅಷ್ಟೆ. ಆದರೆ ಈ ಸಲ ಅದು ಹುಡುಕುತ್ತಿದ್ದುದು ನಮ್ಮ ಕೋಣೆಯಲ್ಲೇ ಇಲ್ಲದ ಒಂದು ಡಿಸ್ಕನ್ನು.

"ಟೈಟಲಮ್ಮ, ಯಾರೋ ಹೊರಗಿನ ಡಿಸ್ಕ್ ಹಾಕಿದಾರೆ," ಎಂದು ಪಿಸುಗುಟ್ಟಿದರು. "ನನ್ನ ಕೆಲಸ ಕದ್ದು ಸಾಗಿಸ್ತಿದಾರೆ."

"ಬೆಂಕಿ ಆರಿಸೋರ ಚಿತ್ರಾನ ಯಾರು ಸಾರ್ ಕದೀತಾರೆ?"

"ನೀವೇನೂ ಮುಟ್ಟಿಲ್ಲ ತಾನೇ?"

ನನಗೆ ಮೈಯೆಲ್ಲ ಉರಿದುಹೋಯಿತು. ಹೆಡ್‌ಫೋನ್ ಹಾಕಿಕೊಂಡೆ. ಅವರು ತಾವೇ ಹದಮಾಡಿಟ್ಟಿದ್ದ ಧ್ವನಿ ಫೈಲುಗಳನ್ನು ಹುಡುಕಿ ಮತ್ತೆ ಜೋಡಿಸಿದರು.

ಕೋಣೆಯ ಬೀಗದಕೈ ಇದ್ದದ್ದು ಮೂವರ ಬಳಿ: ಅವರು, ನಾನು, ಕ್ಯಾಮೆರಾ ಹಿಡಿಯುವ ಅವರ ಭಾವಮೈದುನ. ಹೆಂಡತಿಯ ಸ್ವಂತ ತಮ್ಮ. ಅವರಿಂದಲೇ ಕೆಲಸ ಕಲಿತವನು. ಸಂಜೆಯ ಹೊತ್ತಿಗೆ ಸಂಶಯ ಅವನ ಮೇಲೆ ಗಟ್ಟಿಯಾಗಿತ್ತು. "ಮನೇಲೂ ಅಷ್ಟೇ. ನಾನು ಅಡುಗೆಮನೆಗೆ ಕಾಲಿಟ್ರೆ ಅಕ್ಕ ತಮ್ಮ ಇಬ್ರೂ ಗಪ್‌ಚುಪ್."

ಮಂಗಳವಾರ ಹೊರಡುವ ಮೊದಲು, ಚಿತ್ರದ ಫೈಲುಗಳಿದ್ದ ದೊಡ್ಡ ಫೋಲ್ಡರಿನ ಹೆಸರನ್ನೇ ಬದಲಾಯಿಸಿಟ್ಟರು. "ನಾಳೆ ತೆರೆದಾಗ ಒಂದು ಫೈಲೂ ಸಿಗಬಾರ್ದು, ಪರದೆ ಪೂರ್ತಿ ಕೆಂಪಗಾಗ್ಬೇಕು. ಆಗ್ಲಿಲ್ಲ ಅಂದ್ರೆ ಯಾರೋ ಬಂದು ಹೊಸ ದಾರಿ ತೋರಿಸಿ ಹೋಗಿದಾರೆ ಅಂತ್ಲೇ ಅರ್ಥ."

ಬುಧವಾರ ಹತ್ತು ಗಂಟೆಗೆ ಇಬ್ಬರೂ ಚಿತ್ರವನ್ನು ತೆರೆದು ನೋಡಿದೆವು. ಪರದೆ ಕೆಂಪಾಗಲಿಲ್ಲ. ಹೆಲ್ಮೆಟ್ ಹಾಕಿಕೊಂಡವನೊಬ್ಬ ನಗುತ್ತ ಮೂಡಿಬಂದ. ತೊಂದರೆ ಇಲ್ಲವೆಂದು ಮುಖ ಸಪ್ಪಗಾದ ಎಡಿಟರನ್ನು ನಾನು ಕಂಡದ್ದು ಅಂದೇ.

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಭಾವಮೈದುನ ಬಂದ.

"ಬೆಳಗ್ಗೆ ಇಲ್ಲಿಗೆ ಬಂದಿದ್ಯಾ?"

"ಹೂಂ, ಭಾವ."

"ಬೀಗದಕೈ ಮೇಜಿನ ಮೇಲಿಟ್ಟು ಹೊರಡು. ಇನ್ನು ಈ ಕಡೆ ತಲೆಹಾಕ್ಬೇಡ, ನನ್ನ ಮನೆಗೂ ಬರ್ಬೇಡ. ನಿನ್ನಕ್ಕಂಗೆ ನಾನೇ ಹೇಳ್ಕೋತೀನಿ."

ಅವನು ಬೀಗದಕೈ ಇಟ್ಟ. ಬಾಗಿಲವರೆಗೆ ಹೋದವನು ವಾಪಸು ಬಂದು, ಸೋಮವಾರ ಜೋಡಿಸಿದ್ದ ತುಣುಕೊಂದನ್ನು ತೆರೆದ. "ಭಾವ, ಹೆಡ್‌ಫೋನ್ ಅದಲುಬದಲು ಹಾಕ್ಕೊಳ್ಳಿ. ಎಡಗಡೇದು ಬಲಗಿವಿಗೆ. ಒಂದೇ ಸಲ."

ಹಾಕಿಕೊಂಡ ಎಡಿಟರು ಬೆಚ್ಚಿಬಿದ್ದು ಕಿತ್ತರು. "ಏನಿದು, ಕಿವಿ ಹರಿದುಹೋಗೋ ಹಾಗೆ! ಯಾರು ಮಾಡಿದ್ದು?"

"ನೀವೇ. ನಿಮ್ಮ ಎಡಗಿವಿಗೆ ಸರಿಯಾಗಿ ಕೇಳಿಸ್ತಿಲ್ಲ ಭಾವ. ಅದಕ್ಕೇ ಆ ಕಡೆ ಸದ್ದು ಏರಿಸ್ತಾ ಬಂದಿದೀರಿ. ನೀವು ಮುಗಿಸಿದ ಭಾಗಾನ ನಾನು ಬೆಳಗ್ಗೆ ಬಂದು ಇಳಿಸಿ ಹೋಗ್ತೀನಿ. ಮೊನ್ನೆ ಸರಿಮಾಡಿದ್ದು ನನ್ನ ಡಿಸ್ಕಲ್ಲೇ ಉಳಿದುಬಿಟ್ಟಿತ್ತು. ಇಲ್ಲಿಗೆ ಹಾಕೋದು ಮರೆತು ಕಿತ್ಕೊಂಡು ಹೋದೆ. ಇವತ್ತು ಪರದೆ ಪೂರ್ತಿ ಕೆಂಪಗಿತ್ತು; ಎಲ್ಲಕ್ಕೂ ದಾರಿ ತೋರಿಸೋಷ್ಟರಲ್ಲಿ ನೀವು ಬರೋ ಹೊತ್ತಾಯ್ತು, ಇವನ್ನ ಇಳಿಸೋಕಾಗ್ಲಿಲ್ಲ."

ಅಕ್ಷರ ಕೂರಿಸಲು ನನಗೆ ಬರುತ್ತಿದ್ದುದು ಅವನು ತಿದ್ದಿದ ಪ್ರತಿಯೇ ಆಗಿದ್ದರಿಂದ ನನಗೆ ಸುಳಿವೇ ಸಿಕ್ಕಿರಲಿಲ್ಲ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು."

"ನಿನ್ನಕ್ಕಂಗೆ ಗೊತ್ತಾ?"

"ಅವಳೇ ಕಳಿಸ್ತಿರೋದು. ಗೊತ್ತಾದ್ರೆ ಕೆಲಸ ಬಿಟ್ಬಿಡ್ತಾರೆ, ಆಮೇಲೆ ಮನುಷ್ಯನೇ ಉಳಿಯಲ್ಲ ಅಂತ ಅಳ್ತಾಳೆ."

ಎಡಿಟರು ನನ್ನ ಕಡೆ ತಿರುಗಿದರು. "ನಿಮಗೂ ಗೊತ್ತಿತ್ತಾ?"

"ಇಲ್ಲ ಸಾರ್."

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಮರುಪ್ರಶ್ನೆ ಹಾಕದೆ ನನ್ನ ಮಾತನ್ನು ನಂಬಿದರು. ಅದಕ್ಕೇ ನನಗೆ ಅಳು ಬಂತು.

ಅವರು ಕುರ್ಚಿಯಿಂದ ಎದ್ದರು. "ಕೂತ್ಕೋ. ಕದ್ದು ಬಂದಿದ್ದು ಸಾಕು. ಏನು ಸರಿಮಾಡ್ತೀಯೋ ನನ್ನೆದುರಿಗೇ ಮಾಡು."

ಅವನು ಕೂತ. ಅವರು ಸ್ಟೂಲನ್ನು ಅವನ ಬಲಕ್ಕೆ ಎಳೆದುಕೊಂಡರು. ಅವನು ಏನೋ ಪ್ರಶ್ನೆ ಕೇಳಿದ, ಅವರಿಗೆ ಕೇಳಿಸದೆ ಇನ್ನೊಮ್ಮೆ ಕೇಳಿದ. ಆಗ ಅವರು ಎದ್ದು ಸ್ಟೂಲನ್ನು ಅವನ ಎಡಕ್ಕೆ ಹಾಕಿಕೊಂಡು, ಬಲಗಿವಿ ಅವನತ್ತ ಮಾಡಿ ಕೂತು, "ಈಗ ಹೇಳು," ಅಂದರು.