ಎರಡು ಬಾಗಿಲ ನಡುವಿನ ತಂಪು

ಬೆಳಗಿನ ಐದು ಗಂಟೆ. ನಮ್ಮ ಮೊಸ್ತಾರ್ ಪಟ್ಟಣದ ತರಕಾರಿ ಮಾರುಕಟ್ಟೆಯಲ್ಲಿ ಇನ್ನೂ ಒಬ್ಬ ವ್ಯಾಪಾರಿಯೂ ಬಂದಿಲ್ಲ. ಜುಮ್ರಾ ಸ್ಟೂಲು ಹತ್ತಿ, ಹಳೆಯ ಬಿಳಿ ಹಾಸುಬಟ್ಟೆಯ ಒಂದು ತುದಿಯನ್ನು ತಲೆಗಿಂತ ಎತ್ತರಕ್ಕೆ ಕಂಬಕ್ಕೆ ಬಿಗಿಯುತ್ತಿದ್ದಾರೆ. ಇನ್ನೊಂದು ತುದಿಗೆ ಕಂಬವಿಲ್ಲ. ಅಲ್ಲಿ ಪೊರಕೆಯ ಕೋಲೇ ಕಂಬ. ಆಮೇಲೆ ನೆಲದ ಮೇಲೆ ಎರಡು ಬಕೆಟ್ ನೀರು ಸುರಿಯುತ್ತಾರೆ.

"ಈ ಕಲ್ಲು ನಿನ್ನೆ ಬಿಸಿಲನ್ನ ನುಂಗ್ಕೊಂಡು ಕೂತಿದೆ. ಮೊದ್ಲು ಅದನ್ನ ಕಕ್ಕಿಸ್ಬೇಕು" ಎನ್ನುತ್ತಾರೆ.

ಜುಮ್ರಾಗೆ ಐವತ್ತೆಂಟು. ಸಂಬಳ ಬರುವುದು ಗುಡಿಸುವುದಕ್ಕೆ. ಆದರೆ ಬೇಸಿಗೆಯಲ್ಲಿ ಅವರ ನಿಜವಾದ ಕೆಲಸ ಶುರುವಾಗುವುದು ಏಳು ಗಂಟೆಗೆ, ಅಂಜೂರ, ಟೊಮೆಟೊ, ಸೊಪ್ಪಿನ ಬುಟ್ಟಿಗಳ ಜೊತೆಗೆ ಕೂಸಿನ ಗಾಡಿಯನ್ನೂ ತಳ್ಳಿಕೊಂಡು ತಾಯಂದಿರು ಬಂದಾಗ. ಈ ವರ್ಷ ಹನ್ನೊಂದು ಗಾಡಿ. ಬಿಸಿಲು ಜರುಗಿದಂತೆ ಹಾಸುಬಟ್ಟೆ ದಿನಕ್ಕೆ ನಾಲ್ಕು ಸಲ ಜಾಗ ಬದಲಿಸುತ್ತದೆ. ಕಾಲು ಗಂಟೆಗೊಮ್ಮೆ ಜುಮ್ರಾ ಪ್ರತಿ ಮಗುವಿನ ಕತ್ತಿನ ಹಿಂದೆ ಎರಡು ಬೆರಳಿಡುತ್ತಾರೆ. ಬಿಸಿಯಾಗಿ, ಬೆವರಿದ್ದರೆ ತಾಯಿಗೆ ಕೂಗು: "ಬಾರೇ, ಹಾಲು ಕೊಡು! ನಿನ್ನ ಟೊಮೆಟೊ ನಾನು ಮಾರ್ತೀನಿ." ಆರು ತಿಂಗಳ ಒಳಗಿನ ಕೂಸಿಗೆ ನೀರು ಬೇಡ, ಮೊಲೆಹಾಲನ್ನೇ ಮತ್ತೆ ಮತ್ತೆ ಕೊಡಿ ಎಂದು ವೈದ್ಯರು ಹೇಳಿದ್ದನ್ನು ಅವರು ಮರೆತಿಲ್ಲ. ನನ್ನ ಎರಡನೆಯ ಮಗಳ ಕತ್ತನ್ನೂ ಆ ಬೆರಳುಗಳು ಮುಟ್ಟಿವೆ.

ಅವರು ಗಾಡಿಗಳನ್ನು ನಿಲ್ಲಿಸುವ ಜಾಗವೇ ಜಗಳದ ಮೂಲ. ಅದು ನದಿ ಕಡೆಯ ಬಾಗಿಲಿಗೂ ಬೀದಿ ಕಡೆಯ ಬಾಗಿಲಿಗೂ ನಡುವಿನ ಓಣಿ. ನೆರೆತ್ವಾ ನದಿಯ ತಣ್ಣನೆಯ ಗಾಳಿ ಹಾಯುವುದು ಅಲ್ಲಿ ಮಾತ್ರ. ಎದುರುಬದುರು ಬಾಗಿಲ ನಡುವೆ ಓಡುವ ಆ ಗಾಳಿಗೆ ನಮ್ಮಲ್ಲಿ 'ಪ್ರೊಮಾಯಾ' ಎನ್ನುತ್ತಾರೆ. ಹಲ್ಲುನೋವು, ಸೊಂಟನೋವು, ಎಲ್ಲಕ್ಕೂ ಅದೇ ಕಾರಣ ಎಂದು ಜನರ ನಂಬಿಕೆ. ನಲವತ್ತು ಡಿಗ್ರಿಯಲ್ಲೂ ಬಸ್ಸಿನ ಎರಡು ಕಿಟಕಿ ಒಟ್ಟಿಗೆ ತೆರೆಯಲು ಯಾರೂ ಬಿಡುವುದಿಲ್ಲ.

ಜುಮ್ರಾಗೂ ಒಂದು ಕಾಲದಲ್ಲಿ ಅದೇ ಭಯ. "ನನ್ನ ಮಗನಿಗೆ ಮೂರು ತಿಂಗಳು. ಆಗಸ್ಟು. ಕಿಟಕಿ ಮುಚ್ಚಿದ್ದು ನಾನು, ಕಂಬಳಿ ಹೊದಿಸಿದ್ದೂ ನಾನೇ. ಎತ್ಕೊಂಡಾಗ ಒದ್ದೆ ಬಟ್ಟೆ ಥರ ಜೋತುಬಿದ್ದಿದ್ದ." ಆಸ್ಪತ್ರೆಯಲ್ಲಿ ಎರಡು ದಿನ ಕಳೆದ ಮೇಲೆ ಮಗು ಕಣ್ಣು ಬಿಟ್ಟಿತು. ಈಗ ಅವನು ಬಸ್ ಚಾಲಕ. "ಅವನ ಬಸ್ಸಲ್ಲಿ ಎಲ್ಲಾ ಕಿಟಕಿ ತೆಗೆದಿರುತ್ತೆ. ಜನ ಬೈತಾರೆ, ಬೈಲಿ."

ಈ ಜುಲೈನಲ್ಲಿ ಎದುರಾದವರು ಶೆಫಿಕಾ ಅಜ್ಜಿ. ಸೊಸೆ ಮೆರ್ಸಿಹಾ ಅಂಜೂರ ಮಾರುವಾಗ, ನಾಲ್ಕು ತಿಂಗಳ ಮೊಮ್ಮಗ ವೇದಾದ್‌ನ ಕಾವಲು ಅಜ್ಜಿಯದು. ಗಾಳಿಯಾಡದ ಬಿಸಿಲಿನ ಮೂಲೆಯಲ್ಲಿ ಗಾಡಿ, ಅದರ ಮೇಲೆ ಕಂಬಳಿ, ಕಂಬಳಿಗೆ ಬಟ್ಟೆ ಕ್ಲಿಪ್ಪು.

"ಅಜ್ಜಿ, ಒಳಗೆ ಬೇಯ್ತಿದೆ ಕೂಸು."

"ಬಿಸಿಲೆಲ್ಲಿ ಬೀಳ್ತಿದೆ ಅವನ ಮೇಲೆ? ಕಂಬಳಿ ಇಲ್ವಾ? ಏಳು ಮಕ್ಕಳನ್ನ ಸಾಕಿದೀನಿ ನಾನು. ನೀನು ನಿನ್ನ ಪೊರಕೆ ನೋಡ್ಕೋ."

ಜುಮ್ರಾ ಕಂಬಳಿಯೊಳಗೆ ಕೈ ತೂರಿಸಿದರು. ಬೆರಳು ಒದ್ದೆಯಾಗಿ ಬಂತು. ಮಗುವಿನ ಮುಖ ಕೆಂಪಾಗಿತ್ತು. ಮೆರ್ಸಿಹಾ ಓಡಿಬಂದು ಎತ್ತಿಕೊಂಡು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ ಹಾಲು ಕೊಟ್ಟಳು. ಅಜ್ಜಿ ಹಟ ಬಿಡಲಿಲ್ಲ: "ಓಣಿಗೆ ಮಾತ್ರ ಬೇಡ! ಪ್ರೊಮಾಯಾ ಬಡಿದ್ರೆ ಯಾರು ಜವಾಬ್ದಾರಿ?"

ಜುಮ್ರಾ ಎರಡು ತಟ್ಟೆಯಲ್ಲಿ ಒಂದೊಂದು ಉಂಡೆ ಬೆಣ್ಣೆ ತಂದರು. ಒಂದನ್ನು ಅಜ್ಜಿಯ ಖಾಲಿ ಗಾಡಿಯಲ್ಲಿಟ್ಟು, ಅದೇ ಕಂಬಳಿ ಹೊದಿಸಿ, ಅದೇ ಕ್ಲಿಪ್ಪು ಹಾಕಿದರು. ಇನ್ನೊಂದನ್ನು ಓಣಿಯಲ್ಲಿ, ಹಾಸುಬಟ್ಟೆಯ ನೆರಳಿನಲ್ಲಿ, ತೆರೆದ ಗಾಡಿಯಲ್ಲಿಟ್ಟರು. "ಬನ್ನಿ, ಕಾಫಿ ಕುಡಿಯೋಣ."

ನಮ್ಮ ಊರಲ್ಲಿ ಕಾಫಿಯನ್ನು ಯಾರೂ ಬೇಗ ಮುಗಿಸುವುದಿಲ್ಲ. ಕೊನೆಯ ಗುಟುಕಾಗುವಾಗ ಅರ್ಧ ಮಾರುಕಟ್ಟೆ ಸುತ್ತ ನೆರೆದಿತ್ತು. ಅಜ್ಜಿಯೇ ಎದ್ದು ಕಂಬಳಿ ಸರಿಸಿದರು. ಬೆಣ್ಣೆ ಎಣ್ಣೆಯಾಗಿ ತಟ್ಟೆಯಲ್ಲಿ ಹರಡಿತ್ತು. ಓಣಿಯದ್ದು ಸ್ವಲ್ಪ ಮೆತ್ತಗಾಗಿ, ಉಂಡೆಯಾಗಿಯೇ ಕೂತಿತ್ತು. ಅಜ್ಜಿ ಕಂಬಳಿ ಮಡಚಿ ಕಂಕುಳಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಗಾಡಿ ತಳ್ಳಿಕೊಂಡು ಓಣಿಗೆ ನಡೆದರು. ಸಂತೆ ಚಪ್ಪಾಳೆ ತಟ್ಟಿತು.

ಈಗ ಆಗಸ್ಟಿನ ಕೊನೆ. ಹತ್ತೊಂಬತ್ತು ದಿನ ನಲವತ್ತು ಡಿಗ್ರಿ ದಾಟಿದೆ. ಹನ್ನೊಂದು ಕೂಸುಗಳಲ್ಲಿ ಒಂದೂ ಸೆಕೆಯಿಂದ ಆಸ್ಪತ್ರೆ ಕಂಡಿಲ್ಲ. ವೇದಾದ್ ಬರಿಗಾಲು ಚಾಚಿಕೊಂಡು ನದಿಯ ಗಾಳಿಯಲ್ಲಿ ನಿದ್ದೆ ಮಾಡುತ್ತಾನೆ. ಪಕ್ಕದಲ್ಲಿ ಶೆಫಿಕಾ ಅಜ್ಜಿ ಆ ಕಂಬಳಿಯನ್ನು ತಮ್ಮ ಸೊಂಟಕ್ಕೇ ಸುತ್ತಿಕೊಂಡು ಕೂತಿರುತ್ತಾರೆ. "ಮಗೂಗೆ ಸರಿ. ನನ್ನ ಸೊಂಟಕ್ಕೆ ಪ್ರೊಮಾಯಾ ಆಗಲ್ಲಮ್ಮ!"

ನಿಮಗೇನು ಬೇಕು ಎಂದು ನಾನು ಕೇಳಿದರೆ ಜುಮ್ರಾ ಗೋಡೆ ತೋರಿಸುತ್ತಾರೆ. "ಅಲ್ಲಿ ಎರಡು ಕೊಕ್ಕೆ ಹೊಡೆಸಿಕೊಟ್ರೆ ಸಾಕು. ಪೊರಕೆ ನನ್ನ ಕೈಗೆ ವಾಪಸ್ ಬರುತ್ತೆ."

ಅಷ್ಟರಲ್ಲಿ ಬಾಗಿಲಲ್ಲಿ ಹೊಸಬಳೊಬ್ಬಳು ಕಾಣಿಸುತ್ತಾಳೆ. ಗಾಡಿಯ ಮೇಲೆ ದಪ್ಪ ಹೊದಿಕೆ. ಜುಮ್ರಾ ಬಾಯಿ ತೆರೆಯುವ ಮೊದಲೇ ಓಣಿಯಿಂದ ಅಜ್ಜಿಯ ಗುಡುಗು: "ಏ ಹುಡುಗಿ, ತೆಗಿಯೇ ಅದನ್ನ! ಕೂಸನ್ನ ಗಾಳಿಗೆ ತಗೊಂಡ್ಬಾ! ಬೆಣ್ಣೆ ತರಿಸ್ಲಾ?"

ಜುಮ್ರಾ ನಗುತ್ತಾರೆ. "ನೋಡಿದ್ರಾ? ಇನ್ಮೇಲೆ ನನಗೆ ಗುಡಿಸೋದೊಂದೇ ಕೆಲಸ."