ಹೊಲಿಗೆಯ ಮೇಲೆ ಬಣ್ಣ

ಅಂಗಡಿಗೆ ಬರುವವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅದೇ ಗಾಜಿನ ಮೇಜಿನ ಹಿಂದೆ ನಿಂತವಳು. ಎದುರು ಕೂತವರ ಮುಖಕ್ಕೆ ಗೇಣು ದೂರದಲ್ಲಿ ತನ್ನ ಮುಖ ತಂದು, ಎರಡು ಕಣ್ಣುಗಳ ನಡುವಿನ ಅಂತರ ಅಳೆದು, ಫ್ರೇಮಿನ ಕಾಲನ್ನು ಬಿಸಿಮಾಡಿ ಕಿವಿಯ ಹಿಂದಕ್ಕೆ ಬಾಗಿಸುವುದು ಅವಳ ಕೆಲಸ. "ನಿಮ್ಮ ಎಡಗಿವಿ ಸ್ವಲ್ಪ ಮೇಲಿದೆ. ತಪ್ಪು ಫ್ರೇಮಿಂದಲ್ಲ, ನಿಮ್ಮನ್ನ ಮಾಡಿದೋನ್ದು" ಎಂದು ನಗಿಸಿ ಕಳಿಸುತ್ತಿದ್ದಳು. ತನ್ನ ಮುಖಕ್ಕೆ ಒಂದು ದಿನವೂ ಪೌಡರ್ ಹಾಕಿಕೊಂಡವಳಲ್ಲ.

ನಲವತ್ತೇಳನೆಯ ವಯಸ್ಸಿನಲ್ಲಿ ಅವಳ ಬಲಗೆನ್ನೆಯ ಮೂಳೆಯೊಳಗೆ ಒಂದು ಗಡ್ಡೆ ಸಿಕ್ಕಿತು. ಹಲ್ಲುನೋವೆಂದು ವೃಥಾ ಎರಡು ಹಲ್ಲು ಕೀಳಿಸಿಕೊಂಡ ಮೇಲೆ ಗೊತ್ತಾದದ್ದು. ಕೆಟ್ಟ ಗಡ್ಡೆಯಲ್ಲ, ಆದರೆ ತೆಗೆಯಲೇಬೇಕು ಎಂದರು. ಡಾಕ್ಟರಮ್ಮ ಮೂಗಿನ ಪಕ್ಕದಲ್ಲಿ ಕೊಯ್ದು ಅದನ್ನು ತೆಗೆದು ಒಂಬತ್ತು ಹೊಲಿಗೆ ಹಾಕಿದರು. ಮೂರನೆಯ ದಿನಕ್ಕೆ ಕಣ್ಣಿನ ಸುತ್ತ ನೇರಳೆ, ಕೆನ್ನೆಗೆ ಕಡುನೀಲಿ, ದವಡೆಯತ್ತ ಇಳಿಯುತ್ತ ಹಸಿರು.

"ರಕ್ತ ಕೆಳಗಿಳಿಯೋದೇ ಹಾಗೆ, ಹೆದರ್ಬೇಡಿ. ಹತ್ತನೇ ದಿನ ಹೊಲಿಗೆ ಬಿಚ್ಚೋಣ. ಹದಿನೈದು ದಿನ ಮನೇಲಿರಿ. ಹೊಲಿಗೆ ಹತ್ರ ಏನೂ ಸೋಕಿಸ್ಬೇಡಿ, ಸೋಪು ಕೂಡ" ಎಂದರು ಡಾಕ್ಟರಮ್ಮ.

ಆರನೆಯ ದಿನ ಬೆಳಗ್ಗೆ ಅಂಗಡಿಯ ಮಾಲೀಕನ ಫೋನು. "ಶಾಲೆ ಶುರುವಾಗೋ ಹೊತ್ತು, ಅಂಗಡೀಲಿ ಕಾಲಿಡೋಕೆ ಜಾಗ ಇಲ್ಲ. ನೋವು ಕಮ್ಮಿ ಆಗಿದ್ರೆ ಬಂದ್ಬಿಡಮ್ಮ. ಮುಖಕ್ಕೆ ಮಾತ್ರ ಏನಾದ್ರೂ ಹಚ್ಕೊಂಡು ಬಾ. ಕನ್ನಡಕ ಕೊಳ್ಳೋಕೆ ಬಂದೋರಿಗೆ ಇದೆಲ್ಲ ಯಾಕೆ ಕಾಣ್ಬೇಕು?"

ಬರುವುದಿಲ್ಲ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅನ್ನದ ಮಾತು ಆ ದಿನವೂ ಬಾಯಿಗೆ ಬರಲಿಲ್ಲ. ಅದಕ್ಕಾಗಿ ಆಮೇಲೆ ತನ್ನ ಮೇಲೇ ಹಲ್ಲು ಕಡಿದಳು.

ನಾಟಕದವರಿಗೆ ಬಣ್ಣ ಹಚ್ಚುವ ನಾದಿನಿಯನ್ನು ಕರೆಸಿದಳು. ನಾದಿನಿ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಡಬ್ಬಿಗಳನ್ನು ತೆರೆದಳು. "ನೀಲಿ ಮೇಲೆ ಸೀದಾ ಮೈಬಣ್ಣ ಹಚ್ಚಿದ್ರೆ ಬೂದಿ ಬಳಿದಂಗೆ ಕಾಣತ್ತೆ ಅತ್ತಿಗೆ. ಮೊದಲು ಕಿತ್ತಳೆ, ಆಮೇಲೆ ಮೈಬಣ್ಣ. ಉಜ್ಜಬಾರದು, ಬೆರಳ ತುದೀಲಿ ತಟ್ಟಬೇಕು. ಹೊಲಿಗೆಯಿಂದ ಎರಡು ಬೆರಳು ದೂರ ಇರ್ಲಿ." ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಫ್ರಿಜ್ ರಿಪೇರಿ ಮಾಡುವ ಮನುಷ್ಯ, ಮಾತು ಕಮ್ಮಿ. "ಹೋಗ್ಲೇಬೇಕಾ?" ಎಂದು ಒಮ್ಮೆ ಕೇಳಿದ.

ಮಾಲೀಕ ಅವಳನ್ನು ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಹೊಸದಾಗಿ ಬಂದ ಮಾಲನ್ನು ನೋಡುವಂತೆ ತಿರುಗಿಸಿ ನೋಡಿದ. "ಪರವಾಗಿಲ್ಲ. ಆದ್ರೆ ಮೂಗಿನ ಪಕ್ಕ ಆ ಕಪ್ಪು ದಾರ ಇದ್ಯಲ್ಲ, ಅದೇ ಅಸಹ್ಯ. ಅದನ್ನೂ ಮುಚ್ಚು." ಡಾಕ್ಟರು ಬೇಡವೆಂದಿದ್ದಾರೆ ಎಂದಳು. "ಡಾಕ್ಟರು ಹಂಗೇ ಹೇಳ್ತಾರೆ" ಎಂದು ಗಲ್ಲಾಪೆಟ್ಟಿಗೆಯ ಕಡೆ ನಡೆದ. ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು ಅವಳು ನಾದಿನಿ ಕೊಟ್ಟಿದ್ದ ಡಬ್ಬಿಯಿಂದ ಹೊಲಿಗೆಯ ಮೇಲೆ ಬಣ್ಣ ತಟ್ಟಿಕೊಂಡಳು. ಉರಿಗೆ ಕಣ್ಣಲ್ಲಿ ನೀರು ಬಂತು. ಅದು ಇಳಿದು ಬಣ್ಣ ಕೆಡಬಾರದೆಂದು ತಲೆ ಹಿಂದಕ್ಕೆ ಚೆಲ್ಲಿ ನಿಂತಳು.

ಮಧ್ಯಾಹ್ನದ ಸೆಕೆಗೆ ಕೆನ್ನೆಯ ಬಣ್ಣ ಬೆವೆತು ಬಿರುಕು ಬಿಟ್ಟು, ಒಳಗಿನ ನೀಲಿ ಇಣುಕಿತು. ಹೊಲಿಗೆ ಮಾತ್ರ ದಪ್ಪ ಬಣ್ಣದಡಿ ಭದ್ರವಾಗಿ ಮುಚ್ಚಿತ್ತು. ಆಪರೇಷನ್ ಎಂದು ಹೇಳುವ ಒಂದೇ ಗುರುತನ್ನು ಮುಚ್ಚಿಸಿ, ಏಟಿನಂತೆ ಕಾಣುವುದನ್ನಷ್ಟೇ ಉಳಿಸಿದ್ದ ಪುಣ್ಯಾತ್ಮ. ಜನ ಅವಳ ಕೆನ್ನೆ ನೋಡಿ ಮಾತು ತಗ್ಗಿಸುತ್ತಿದ್ದರು. ಒಬ್ಬ ಅಜ್ಜ ಎದ್ದು ಹೋಗುವಾಗ "ತಡ್ಕೋ ಮಗಳೇ" ಎಂದ. ಏನನ್ನು ತಡೆದುಕೊಳ್ಳಬೇಕೋ ಅವಳಿಗೆ ಅರ್ಥವಾಗಲಿಲ್ಲ. ಅವಳು ಕೆಲಸಕ್ಕೆ ಮರಳಿದ ಮೂರನೆಯ ದಿನ, ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವ ಹೆಂಗಸು ಚೀಟಿಯೊಂದನ್ನು ಅವಳ ಅಂಗೈಗೆ ತುರುಕಿದಳು. ಮನೆಯಲ್ಲಿ ಏಟು ತಿನ್ನುವ ಹೆಂಗಸರಿಗೆ ಸಹಾಯ ಮಾಡುವವರ ನಂಬರು. "ಯಾವಾಗ ಬೇಕಾದ್ರೂ ಫೋನ್ ಮಾಡಿ. ನಿಮ್ಮ ತಪ್ಪಲ್ಲ ಇದು."

ಆಗ ಅರ್ಥವಾಯಿತು. ಎರಡು ದಿನದಿಂದ ಗಂಡ ಊಟದ ಡಬ್ಬಿಯನ್ನು ಒಳಗೆ ತರದೆ ಹೊರಗಿನ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದದ್ದೂ ಅರ್ಥವಾಯಿತು. ಸಂಜೆ ಕೇಳಿದಾಗ ಅವನು ಅಂಗೈ ಮಗುಚಿ ನೋಡಿಕೊಂಡು ಹೇಳಿದ: "ಎಲ್ಲಾ ನನ್ನ ಕೈ ನೋಡ್ತಾರೆ ಕಣೇ."

ಅವಳ ಮೈಯೆಲ್ಲ ಹೊತ್ತಿ ಉರಿಯಿತು. ಆಪರೇಷನ್ ಥಿಯೇಟರಿನ ಹೊರಗೆ ಟೀ ಸಹ ಮುಟ್ಟದೆ ನಾಲ್ಕು ಗಂಟೆ ನಿಂತ ಕೈಗಳು ಅವು.

ಹತ್ತನೆಯ ದಿನ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಹತ್ತಿಯಿಂದ ಒರೆಸಿದರೆ ಕಂದು ಬಣ್ಣದ ಅಂಟು ಬಂತು, ಅದರ ಹಿಂದೆಯೇ ಕೀವು. ಕೆಳಗಿನ ನಾಲ್ಕು ಹೊಲಿಗೆ ಕೆರಳಿ ಬಾಯಿ ಬಿಟ್ಟಿದ್ದವು.

"ಇದು ಯಾರ ಬುದ್ಧಿವಂತಿಕೆ?"

"ನಮ್ಮ ಮಾಲೀಕರದು. ಅವರ ಮಾತು ಕೇಳಿದ್ದು ನಾನು."

ಹೊಲಿಗೆ ಬಿಚ್ಚಿ, ತೊಳೆದು, ಔಷಧಿ ಹಚ್ಚಿ, ಇನ್ನೂ ಹತ್ತು ದಿನ ರಜೆಯೆಂದು ಬರೆದುಕೊಟ್ಟರು. ಅವಳು ಮನೆಗೆ ಹೋಗಲಿಲ್ಲ. ಬಣ್ಣವಿಲ್ಲದ ಮುಖ, ಕೆರಳಿದ ಗಾಯ ಹೊತ್ತು ಸೀದಾ ಅಂಗಡಿಗೆ ನಡೆದಳು. ಒಳಗೆ ಏಳೆಂಟು ಜನ. ಲೈಬ್ರರಿಯಾಕೆಯೂ ತನ್ನ ಕನ್ನಡಕಕ್ಕಾಗಿ ಬಂದು ಕೂತಿದ್ದಳು.

"ಏನಮ್ಮ ಇದು ಅವತಾರ! ಹಿಂದಿನ ಬಾಗಿಲಿಂದ ಬರಬಾರದಿತ್ತಾ?" ಎಂದ ಮಾಲೀಕ.

"ಹಿಂದಿನ ಬಾಗಿಲಿಂದ ಬರೋಕೆ ನಾನೇನು ಕಳ್ಳಿನಾ?" ಅವಳ ದನಿಗೆ ಅವಳೇ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ಹೋದ ವರ್ಷ ತಲೆಗೆ ಕೂದಲು ನೆಡಿಸ್ಕೊಂಡು ಬಂದ್ರಲ್ಲ, ಹಣೆ ಊದಿ ಕಣ್ಣಿಗಿಳಿದಿತ್ತು. ತಲೆ ತುಂಬ ಕೆಂಪು ಚುಕ್ಕಿ, ಸಸಿಮಡಿ ಥರ. ಇದೇ ಕುರ್ಚೀಲಿ ಕೂತಿದ್ರಿ. ಬಣ್ಣ ಬಳ್ಕೊಳ್ಳಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?"

ಯಾರೋ ಕಿಸಕ್ಕನೆ ನಕ್ಕರು. ಮಾಲೀಕನ ಕೈ ತಾನಾಗಿ ತಲೆಗೆ ಹೋಯಿತು. "ಅದು ಬೇರೆ..." ಎಂದ.

"ಹೌದು, ಬೇರೆ. ನಿಮ್ಮದು ಚಂದಕ್ಕೆ, ನನ್ನದು ಜೀವಕ್ಕೆ." ಡಾಕ್ಟರ ಚೀಟಿಯನ್ನು ಮೇಜಿನ ಮೇಲೆ ಕುಟ್ಟಿದಂತೆ ಇಟ್ಟಳು. "ನೀವು ಮುಚ್ಚು ಅಂದಲ್ಲಿ ಕೀವಾಗಿದೆ. ಹತ್ತು ದಿನ ಬರಲ್ಲ. ಫೋನ್ ಮಾಡ್ಬೇಡಿ."

ಆಮೇಲೆ ಲೈಬ್ರರಿಯಾಕೆಯ ಕಡೆ ತಿರುಗಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನೋಡಿ, ಇದು ಆಪರೇಷನ್. ನನ್ನ ಗಂಡ ಒಂದು ಸೊಳ್ಳೆ ಹೊಡೆಯೋಕೂ ಎರಡು ಸಲ ಯೋಚಿಸ್ತಾರೆ. ನಿಮ್ಮಂಥವರ ಕಣ್ಣಿಗೆ ಹೆದರಿ ಅಂಗಡಿ ಒಳಗೆ ಕಾಲಿಡ್ತಿಲ್ಲ."

ಆ ಹೆಂಗಸಿನ ಮುಖ ಸಣ್ಣದಾಯಿತು. ಆದರೂ ಕಣ್ಣು ತಪ್ಪಿಸಲಿಲ್ಲ. "ಅವರಿಗೆ ನೋವಾಗಿದ್ರೆ ಕ್ಷಮಿಸಿ. ಆದ್ರೆ ನಾಳೆ ಇನ್ನೊಬ್ಬಳು ಹೀಗೆ ಬಣ್ಣ ಹಚ್ಕೊಂಡು ನಿಂತಿದ್ರೆ ಮತ್ತೆ ಚೀಟಿ ಕೊಡ್ತೀನಿ. ಅದು ನಿಜ ಆಗಿದ್ರೆ?"

ಈ ಹೆಂಗಸಿನ ಮೇಲೆ ಸಿಟ್ಟಾಗಲು ಕಾರಣವೇ ಇಲ್ಲವೆಂಬುದು ತಿಳಿದು, ಇಡೀ ಸಿಟ್ಟು ತಿರುಗಿ ಮಾಲೀಕನ ಪಾಲಿಗೆ ಹೋಯಿತು. "ಕೊಡಿ, ನಿಮ್ಮ ಕನ್ನಡಕ ಸರಿ ಕೂರ್ತಾ ನೋಡ್ತೀನಿ" ಎಂದು ಒರಟಾಗಿಯೇ ಹೇಳಿ, ಆ ಒಂದು ಕನ್ನಡಕವನ್ನು ಸರಿಮಾಡಿಕೊಟ್ಟು ಹೊರಟಳು.

ಹತ್ತು ದಿನ ಕಳೆದು ಬಂದಾಗ ಅವಳ ಮೇಜಿನ ಬಳಿ ಹೊಸ ಫ್ಯಾನು ತಿರುಗುತ್ತಿತ್ತು. ಮಾಲೀಕ ತಪ್ಪಾಯಿತು ಎನ್ನಲಿಲ್ಲ. ಅವಳು ಫ್ಯಾನಿಗೆ ಥ್ಯಾಂಕ್ಸ್ ಹೇಳಲಿಲ್ಲ. ಮಧ್ಯಾಹ್ನ ಗಂಡ ಡಬ್ಬಿ ಹಿಡಿದು ಹೊರಗೆ ತಡವರಿಸುತ್ತಿದ್ದಾಗ, ತೋಳು ಹಿಡಿದು ಒಳಗೆ ತಂದು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದಳು.

ಗಾಯ ಮಾಗಿತು, ಗುರುತು ಉಳಿಯಿತು. ಮೇಲರ್ಧ ಕೂದಲೆಳೆಯಷ್ಟು ಸಣ್ಣ ಗೆರೆ. ಕೆಳಗರ್ಧ ದಪ್ಪಗೆ ಗಂಟುಕಟ್ಟಿ, ನಕ್ಕರೆ ತುಟಿಯನ್ನು ಎಳೆಯುತ್ತದೆ. ಅದನ್ನು ಮುಚ್ಚಿಕೊಡಲೇ ಎಂದು ನಾದಿನಿ ಒಮ್ಮೆ ಕೇಳಿ, ಅವಳ ನೋಟ ಕಂಡು ಡಬ್ಬಿಯ ಮುಚ್ಚಳ ಹಾಕಿದಳು.

ಅಂಗಡಿಯಲ್ಲಿ ಇಂದಿಗೂ ಯಾರಾದರೂ ಮುಖಕ್ಕೇನಾಯಿತೆಂದು ಕೇಳುತ್ತಾರೆ. ಅವಳು ಬೆರಳಿಟ್ಟು ತೋರಿಸುತ್ತಾಳೆ: "ಇಲ್ಲಿಂದ ಇಲ್ಲೀವರೆಗೆ ಡಾಕ್ಟರಮ್ಮನ ಕೆಲಸ. ಇಲ್ಲಿಂದ ಕೆಳಗೆ ನಮ್ಮ ಮಾಲೀಕರದು." ಗಲ್ಲಾಪೆಟ್ಟಿಗೆಯವರೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ.